ಆಕಳು ಕೂರದ ಮನೆ

ಇವತ್ತು ಬೆಳಿಗ್ಗೆ ಅಡುಗೆಮನೆಯಿಂದ ಗಿಣ್ಣದ ವಾಸನೆ ಬಂತು. ಆಗಷ್ಟೇ ಈದ ಆಕಳ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಉಗಿಯಲ್ಲಿ ಬೇಯಿಸುವ ಗಿಣ್ಣ ನಿಮಗೂ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ನಿಮ್ಮ ಬಗ್ಗೆ ನನಗೆ ಮರುಕವಿದೆ. ತೋಟದವರು ಯಾರೋ ಹಾಲು ಕೊಟ್ಟು ಹೋದರಂತೆ. "ಯಾಕ ಕೊಟ್ರು?" ಎಂದೆ. ನನ್ನ ಹೆಂಡತಿ ಶಾಂತಾ ಒಲೆಯ ಕಡೆಯಿಂದ ಮುಖ ಕೂಡ ತಿರುಗಿಸಲಿಲ್ಲ. "ಆಕಳ ಈದೈತಿ, ಕೊಟ್ಟಾರ. ವಿಷಾ ಹಾಕಿ ಕೊಡಾಕ ನೀವೇನ ರಾಜಾನ?" ಎಂದಳು.

ಅನುಮಾನ ನನ್ನ ಹುಟ್ಟುಗುಣವಲ್ಲ ಮಾರಾಯರೇ, ಹೊಟ್ಟೆಪಾಡು ಕಲಿಸಿದ್ದು. ಎಂಬತ್ತರ ದಶಕದಲ್ಲಿ ನಾನು ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾದ ಗುಮಾಸ್ತನಾಗಿದ್ದೆ. ಕಬ್ಬಿನ ನಡುವೆ ಕಲ್ಲು ಸೇರಿಸಿದ್ದಾನೆಂದು ನಾನು ಗಾಡಿಯವನನ್ನು ನೋಡುತ್ತಿದ್ದೆ, ತಕ್ಕಡಿಯ ಮುಳ್ಳನ್ನು ಎಲ್ಲೋ ಹಿಡಿದಿದ್ದಾನೆಂದು ಅವನು ನನ್ನನ್ನು ನೋಡುತ್ತಿದ್ದ. ಹಂಗಾಮು ಪೂರ್ತಿ ಹೀಗೆ ಒಬ್ಬರ ಮುಖ ಒಬ್ಬರು ನೋಡಿದ ಮೇಲೆ ಮನೆಗೆ ಬಂದು ಹೆಂಡತಿ ಕೊಟ್ಟ ಚಹಾವನ್ನೂ ನಾನು ಮೂಸಿಯೇ ಕುಡಿಯುತ್ತಿದ್ದೆ. ಇಂಥವನು ಮನೆ ಕೊಳ್ಳಲು ಹೊರಟರೆ ಏನಾಗಬೇಕು, ನೀವೇ ಯೋಚಿಸಿ.

ಹೊರಟದ್ದು ನಾನಲ್ಲ, ಶಾಂತಾ. ಬಾಡಿಗೆ ಮನೆಗಳನ್ನು ಬದಲಿಸಿ ಬದಲಿಸಿ ಅವಳು ರೋಸಿಹೋಗಿದ್ದಳು. ಕೊನೆಯ ಮನೆಯ ಯಜಮಾನನಂತೂ ಸಂಜೆಯಾದರೆ ಬಾವಿಯ ಹಗ್ಗವನ್ನೇ ಎತ್ತಿಡುತ್ತಿದ್ದ. ಒಂದು ದಿನ ಕ್ಯಾಲೆಂಡರ್ ತೂಗುಹಾಕಲು ಗೋಡೆಗೆ ಮೊಳೆ ಹೊಡೆದಳೆಂದು ಅವನು ಓಣಿಗೆಲ್ಲ ಕೇಳುವಂತೆ ಕೂಗಾಡಿದ. ಅವತ್ತು ಅವಳು ಊಟ ಮಾಡಲಿಲ್ಲ. "ಒಂದ ಮೊಳೆ ಹೊಡಿಯಾಕ ಯಾರ್ನೂ ಕೇಳಬಾರ್ದು. ಅಂಥಾ ಮನಿ ಬೇಕ ನನಗ. ಸಣ್ಣದಿರವಲ್ದ್ಯಾಕ" ಎಂದಳು. ಅಷ್ಟು ವರ್ಷಗಳಲ್ಲಿ ಅವಳು ನನ್ನ ಹತ್ತಿರ ಬೇಕೆಂದು ಕೇಳಿದ್ದು ಅದೊಂದೇ.

ಶೇಡಬಾಳಕ್ಕೂ ಐನಾಪುರಕ್ಕೂ ನಡುವಿನ ಒಂದು ಸಣ್ಣ ಊರಿನಲ್ಲಿ ಮನೆ ಮಾರುವುದಿದೆ ಎಂದು ತಿಳಿಯಿತು. ಹೋಗಿ ನೋಡಿದೆವು. ಕಲ್ಲಿನ ಗಟ್ಟಿ ಮನೆ. ಬಾಗಿಲು ದಾಟಿದರೆ ದನ ಕಟ್ಟುವ ಜಾಗ, ಮೇವು ಹಾಕುವ ಗ್ವಾದಲಿ, ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ಅಡುಗೆಮನೆ. ಬೆಲೆ ನನ್ನಂಥವನ ಕೈಗೂ ನಿಲುಕುವಂತಿತ್ತು. ನನಗೆ ಅಲ್ಲೇ ಮೊದಲ ಅನುಮಾನ ಬಂತು.

ಎರಡನೆಯದು ಊರಿನ ಮೌನ. ಹಾಡುಹಗಲು, ಓಣಿಯಲ್ಲಿ ಒಂದು ಮಗುವಿನ ಅಳುವಿಲ್ಲ, ಬೀಸುವ ಕುಟ್ಟುವ ಸದ್ದಿಲ್ಲ. ಸಾಲು ಸಾಲು ಮನೆಗಳಿಗೆ ಬೀಗ. ಮನೆ ಮಾರುವ ಅಪ್ಪಾಸಾಬ ಸಲೀಸಾಗಿ ಹೇಳಿದ: "ಹೊಳಿ ನೀರ ಹೊಲಕ್ಕ ಬಂತಲ್ರಿ ಸಾಹೇಬ್ರ. ಎಲ್ಲಾರೂ ತ್ವಾಟದಾಗ ಮನಿ ಕಟ್ಕೊಂಡ ಹೋಗ್ಯಾರ. ನಾವೂ ಹೊಂಟೇವಿ. ದನಾ ಆಗ್ಲೇ ಹ್ವಾದೂ." ಕಬ್ಬಿಗೆ ನೀರು ಬಂತೆಂದು ಯಾರಾದರೂ ಅಜ್ಜ ಕಟ್ಟಿಸಿದ ಕಲ್ಲಿನ ಮನೆ ಬಿಟ್ಟು ತೋಟದ ಹಾವಿನ ಜೊತೆ ಸಂಸಾರ ಮಾಡುತ್ತಾರೆಯೇ? ನಾನು ನಂಬಲಿಲ್ಲ. ಓಣಿಯಲ್ಲಿ ದೆವ್ವವೋ ರೋಗವೋ ಹೊಕ್ಕಿರಬೇಕು ಅಂದುಕೊಂಡೆ.

ಅಡುಗೆಮನೆಯ ಗೋಡೆಯಲ್ಲಿ, ಕೂತವರ ಕೈಗೆ ಎಟಕುವಷ್ಟು ಎತ್ತರದಲ್ಲಿ, ಒಂದು ಕಿಂಡಿ ಇತ್ತು. ಒಂದು ತಟ್ಟೆ ದಾಟಿಸುವಷ್ಟು ಅಗಲ, ಆಚೆಯಿಂದ ಹಳೆಯ ಸೀರೆಯ ಚೂರು ತುರುಕಿದ್ದರು. ಆಚೆಯದು ಪಕ್ಕದ ಮನೆ, ಎರಡಕ್ಕೂ ಗೋಡೆ ಒಂದೇ. "ಇದ್ಯಾಕ?" ಎಂದೆ. ಅಪ್ಪಾಸಾಬನ ಹೆಂಡತಿ ಸುಶೀಲವ್ವ, "ಕೆಂಡ ಇಸ್ಕೊಳ್ಳಾಕ್ರಿ, ಪಲ್ಯಾ ಕೊಡಾಕ. ಹಿಂಗ… ಮಾತಾಡಾಕ" ಎಂದು ಅತ್ತ ತಿರುಗಿದಳು. ಅವಳ ಧ್ವನಿ ಯಾಕೋ ಸರಿಯಿರಲಿಲ್ಲ. ನಾನು ಅದನ್ನೂ ಲೆಕ್ಕಕ್ಕೆ ಹಿಡಿದೆ.

ಪಕ್ಕದ ಮನೆಯಲ್ಲಿದ್ದವಳು ಗಂಗವ್ವ. ಗಂಡ ತೀರಿಕೊಂಡಿದ್ದ, ಮಗ ಊರೂರು ತಿರುಗುವ ಟ್ರಕ್ಕಿನ ಕೆಲಸದವನು, ಮನೆಯಲ್ಲಿ ಅವಳು ಮತ್ತು ಅವಳ ಆಕಳು. ನಾವು ಬಂದಾಗಿನಿಂದ ತನ್ನ ಕಟ್ಟೆಯ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದಳು. "ಮನಿ ಹ್ಯಾಂಗೈತಿ ಅಕ್ಕಾ?" ಎಂದು ಕೇಳಿದೆ. "ನೋಡ್ರಿ. ನಿಮಗೂ ಕಣ್ಣ ಅದಾವಲ್ಲ" ಎಂದಳು. ಒಳ್ಳೆಯ ಮನೆಯಾಗಿದ್ದರೆ ಒಳ್ಳೆಯದೆನ್ನಲು ಏನು ಕಷ್ಟ, ಹೇಳಿ.

ನಮ್ಮ ಕಡೆ ಹಿರಿಯರದೊಂದು ಪರೀಕ್ಷೆಯಿದೆ. ಮನೆ ಕೊಳ್ಳುವ ಮೊದಲು ಅಲ್ಲಿ ಒಂದು ಆಕಳು ಕಟ್ಟಿ ನೋಡಬೇಕು. ಅದು ನಿಶ್ಚಿಂತೆಯಿಂದ ಮಲಗಿ ಮೆಲುಕು ಹಾಕಿದರೆ ಮನೆ ಒಳ್ಳೆಯದು. ನಿಂತೇ ಇದ್ದರೆ ಆ ಮನೆಯ ಗೊಡವೆ ಬೇಡ. ನನಗೆ ಮನುಷ್ಯರ ಮಾತಿಗಿಂತ ಇದು ಮೇಲೆನಿಸಿತು. ಅಪ್ಪಾಸಾಬನ ದನಗಳು ತೋಟಕ್ಕೆ ಹೋಗಿದ್ದವಲ್ಲ, ಆಕಳು ಎಲ್ಲಿಂದ ತರುವುದು ಎಂದು ನಾವು ಮಾತಾಡುತ್ತಿರುವಾಗ ಗಂಗವ್ವ ತಾನಾಗಿಯೇ ಎದ್ದು ಬಂದಳು. "ನಮ್ಮ ಆಕಳಾ ಒಯ್ರಿ. ಬಾಳ ಸಂಭಾವಿತ ಐತಿ" ಎಂದಳು. ಜಗತ್ತನ್ನೆಲ್ಲ ಅನುಮಾನಿಸುವ ನಾನು ಆ ಒಂದು ಮಾತನ್ನು ಮಾತ್ರ ಕಣ್ಣುಮುಚ್ಚಿ ನಂಬಿದೆ.

ಆಕಳು ಕೂರಲಿಲ್ಲ. ಹಸಿ ಹುಲ್ಲು ಹಾಕಿದೆವು, ಮೂಸಲಿಲ್ಲ. ನೀರಿಟ್ಟೆವು, ಒದ್ದು ಚೆಲ್ಲಿತು. ಕಿವಿ ನಿಮಿರಿಸಿ, ಹಗ್ಗ ಜಗ್ಗಿ, ಬಾಗಿಲ ಕಡೆ ನೋಡುತ್ತ ಒಂದೇ ಸಮನೆ ಅಂಬಾ ಎಂದು ಕೂಗಿತು. ಬೆಳಿಗ್ಗೆ ಕಟ್ಟಿದ್ದು, ಸೂರ್ಯ ನೆತ್ತಿ ದಾಟಿದರೂ ಹಾಗೆಯೇ. ಎಲ್ಲಿದ್ದರೋ ಏನೋ, ಆ ಮೌನದ ಊರಿನಲ್ಲೂ ನಾಲ್ಕು ಮಂದಿ ಬಂದು ಬಾಗಿಲಲ್ಲಿ ನಿಂತರು. ಅಪ್ಪಾಸಾಬ ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡ. ಈ ಸುದ್ದಿ ಹಬ್ಬಿದರೆ ಮನೆಯನ್ನು ಇನ್ನು ಯಾರೂ ಮೂಸುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ನಾನು ಶಾಂತಾಳ ಕಡೆ ತಿರುಗಿ, "ನೋಡಿದ್ಯಾ? ನಾ ಹೇಳಿದ್ದಿಲ್ಲ?" ಎಂದೆ. ನಿಜ ಹೇಳಬೇಕೆಂದರೆ ನನಗೆ ಖುಷಿಯೇ ಆಗಿತ್ತು. ಅವಳು ಅಡುಗೆಮನೆಗೆ ಹೋದಳು. ಅಳಲು ಹೋಗಿದ್ದಾಳೆಂದು ತಿಳಿದು, ಸಮಾಧಾನ ಮಾಡೋಣವೆಂದು ನಾನೂ ಹಿಂದೆ ಹೋದೆ.

ಶಾಂತಾ ಅಳುತ್ತಿರಲಿಲ್ಲ. ಗೋಡೆಗೆ ಕಿವಿಯಿಟ್ಟು ಕೂತಿದ್ದಳು. ಅವಳು ದನ ಕಾಯುವವರ ಮನೆಯಲ್ಲಿ ಹುಟ್ಟಿ ಬೆಳೆದವಳು. ಹೊರಗೆ ಆಕಳು ಕೂಗಿತು. ಗೋಡೆಯ ಆಚೆಯಿಂದ, ಬಟ್ಟೆ ತುರುಕಿದ ಆ ಕಿಂಡಿಯ ಹಿಂದಿನಿಂದ, ಸಣ್ಣದೊಂದು ದನಿ ಅದಕ್ಕೆ ಓಗೊಟ್ಟಿತು. ಶಾಂತಾ ಬಟ್ಟೆಯನ್ನು ಎಳೆದು ತೆಗೆದಳು.

ಆಚೆ ಗಂಗವ್ವ ನೆಲದ ಮೇಲೆ ಕೂತಿದ್ದಳು. ಹುಟ್ಟಿ ವಾರ ಕೂಡ ಆಗಿರದ ಕರು ಅವಳ ತೊಡೆಯ ಮೇಲಿತ್ತು. ಅದು ಕೂಗದಿರಲೆಂದು ಬೆರಳನ್ನು ಅದರ ಬಾಯಿಗಿಟ್ಟು ಚೀಪಿಸುತ್ತಿದ್ದಳು. ಎಳೆಗರುವನ್ನು ಬಿಟ್ಟು ಬಂದ ಆಕಳು ಸ್ವರ್ಗದಲ್ಲಿ ಕಟ್ಟಿದರೂ ಕೂರುವುದಿಲ್ಲ.

"ಯಾಕವ್ವಾ ಹಿಂಗ ಮಾಡ್ದಿ?" ಎಂದಳು ಶಾಂತಾ.

ಗಂಗವ್ವ ಕರುವಿನ ಬೆನ್ನು ಸವರಿದಳು. "ನೀವು ಮನಿ ತುಗೊಂಡ್ರ ಸುಶೀ ತ್ವಾಟಕ್ಕ ಹೊಕ್ಕಾಳ" ಎಂದಳು. "ಓಣ್ಯಾಗ ಇದ್ದಾಕಿ ಅಕಿ ಒಬ್ಬಾಕೀನ. ದಿನಾ ಮುಂಜಾನಿ ಈ ಕಿಂಡ್ಯಾಗ 'ಎದ್ದಿ ಗಂಗಾ?' ಅಂತ ಕೇಳ್ತಾಳ. ನಾಳೆ ನಾ ಏಳ್ಲಿಲ್ಲಂದ್ರ ಯಾರಿಗಿ ಗೊತ್ತಾಗ್ಬೇಕ ತಂಗಿ?"

ಇದನ್ನು ಕೇಳಿಸಿಕೊಂಡದ್ದು ನಾವಿಬ್ಬರೇ ಅಲ್ಲ. ಸುಶೀಲವ್ವ ನಮ್ಮ ಹಿಂದೆ ಬಂದು ನಿಂತಿದ್ದಳು. ಗೋಡೆ ಹಂಚಿಕೊಂಡವಳಿಗೆ ಕರುವಿನ ಸಂಗತಿ ಗೊತ್ತಿಲ್ಲದೆ ಇದ್ದೀತೇ, ಬೇಕೆಂದೇ ಬಾಯಿಬಿಟ್ಟಿರಲಿಲ್ಲವೋ ಏನೋ. ಕಿಂಡಿಗೆ ಬಾಗಿ ಸಿಟ್ಟಿನಿಂದಲೇ ಅಂದಳು: "ನಾ ಏನ್ ಸಾಯಾಕ ಹೊಂಟೇನೇನಬೇ? ತ್ವಾಟ ಎಷ್ಟ ದೂರ ಐತಿ?"

"ಒದರಿದ್ರ ಕೇಳಸ್ತೈತೇನ?" ಎಂದಳು ಗಂಗವ್ವ. ಸುಶೀಲವ್ವ ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಕೂತುಬಿಟ್ಟಳು.

ಕರು ತಂದು ಬಿಟ್ಟೆವು. ಆಕಳು ಅದನ್ನು ನೆಕ್ಕಿ, ಹಾಲೂಡಿಸಿ, ಆಮೇಲೆ ದೊಡ್ಡದಾಗಿ ಉಸಿರು ಬಿಟ್ಟು ಗ್ವಾದಲಿಯ ಮುಂದೆ ಮಲಗಿತು. ಬಾಗಿಲಲ್ಲಿದ್ದವರು ಹೋದರು. ಮನೆ ನಮ್ಮದಾಯಿತು. ಶಾಂತಾ ಬಂದ ದಿನವೇ ಮೊಳೆ ಹೊಡೆದಳು, ಒಂದಲ್ಲ, ಗೋಡೆಗೊಂದರಂತೆ.

ನನ್ನ ಅನುಮಾನ ಮಾತ್ರ ಮನೆಯ ಜೊತೆಗೇ ಬಂತು. ಕರು ಬಚ್ಚಿಟ್ಟ ಹೆಂಗಸು ನಾಳೆ ಏನು ಮಾಡುತ್ತಾಳೋ ಎಂದು, ಕಿಂಡಿ ಮುಚ್ಚಿಸಲು ಗೌಂಡಿಯನ್ನು ಕರೆಸಿದೆ. ಶಾಂತಾ ಅವನಿಗೆ ಚಹಾ ಕೊಟ್ಟು ವಾಪಸು ಕಳಿಸಿದಳು. ಗಂಗವ್ವನೂ ನನಗಿಂತ ಕಡಿಮೆಯೇನಲ್ಲ. ತನ್ನ ಕಡೆಯಿಂದ ಬಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ತುರುಕಿದಳು. ನಮ್ಮ ಪಲ್ಯ ಮುಟ್ಟಲಿಲ್ಲ, ನಮ್ಮ ಹೊಸ್ತಿಲು ತುಳಿಯಲಿಲ್ಲ. ಶಾಂತಾ ಮಾತ್ರ ದಿನಾ ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ಆ ಬಟ್ಟೆಗೆ ಕೇಳುವಳು: "ಎದ್ದೀರೇನ್ರಿ ಗಂಗಕ್ಕಾ?" ಉತ್ತರ ಬರುತ್ತಿರಲಿಲ್ಲ. ಗೋಡೆಯ ಜೊತೆ ಮಾತಾಡುವ ಹೆಂಡತಿಯನ್ನು ಕಟ್ಟಿಕೊಂಡೆನಲ್ಲ ಎಂದು ನಾನು ಹಣೆ ಚಚ್ಚಿಕೊಳ್ಳುತ್ತಿದ್ದೆ. ಮಳೆಗಾಲ ಹೋಯಿತು, ಕಾರ್ಖಾನೆಯ ಹಂಗಾಮು ಶುರುವಾಯಿತು.

ಆ ಚಳಿಗಾಲದಲ್ಲಿ ಶಾಂತಾಳಿಗೆ ಜ್ವರ ಬಂತು. ಒಂದು ಬೆಳಿಗ್ಗೆ ಅವಳಿಗೆ ಏಳಲು ಆಗಲೇ ಇಲ್ಲ. ನಾನು ಪಾಳಿ ಮುಗಿಸಿ ಬಂದವನು ಒಲೆ ಹೊತ್ತಿಸಲು ಬಾರದೆ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ಕೂತಿದ್ದೆ. ಗೋಡೆಯ ಬಟ್ಟೆ ಅಲುಗಾಡಿತು. ಒಳಸರಿಯಿತು. ಆ ಕಡೆಯಿಂದ ಗಾಬರಿಯ ದನಿ ಬಂತು:

"ಯಾಕ ಶಾಂತಾ, ಇವತ್ತ ಕೇಳ್ಲಿಲ್ಲ? ಎದ್ದಿಲ್ಲೇನ ನನ್ನವ್ವಾ?"

ಅಂದರೆ ಅಷ್ಟೂ ದಿನ ಅವಳು ಆಚೆ ಕೂತು ಕಾಯುತ್ತಿದ್ದಳು. ನಾನು ಮತ್ತೆ ಕಣ್ಣುಜ್ಜಿಕೊಂಡೆ. ಹೊಗೆಯ ನೆವ ಇತ್ತು, ಒಳ್ಳೆಯದಾಯಿತು. ಗಂಗವ್ವ ನುಚ್ಚಿನ ಗಂಜಿ ಮಾಡಿಕೊಂಡು ಬಂದು ನಮ್ಮ ಹೊಸ್ತಿಲು ದಾಟಿದಳು. ಆಮೇಲಿನ ವರ್ಷಗಳಲ್ಲಿ ಅವರಿಬ್ಬರೂ ಆ ಗೋಡೆಯಲ್ಲಿ ಎಷ್ಟು ಮಾತಾಡಿದರೆಂದರೆ, ಅದರಲ್ಲಿ ಅರ್ಧ ನನ್ನ ವಿರುದ್ಧವೇ ಇತ್ತೆಂದು ನನಗೆ ಈಗಲೂ ಅನುಮಾನ.

ಗಂಗವ್ವ ತೀರಿಹೋಗಿ ಬಹಳ ಕಾಲವಾಯಿತು, ಕಿಂಡಿಯ ಆಚೆ ಈಗ ಯಾರೂ ಇಲ್ಲ. ಅವಳ ಮಗ ಈಗ ಆ ಮನೆ ಮಾರಲಿಟ್ಟಿದ್ದಾನೆ. ಹೋದ ವಾರ ನೋಡಲು ಒಬ್ಬ ಬಂದಿದ್ದ. ತೊಲೆ ತಟ್ಟಿದ, ಗೋಡೆ ಕೆರೆದ, ಊರು ಯಾಕೆ ಇಷ್ಟು ತಣ್ಣಗಿದೆ ಎಂದು ಕೇಳಿದ. ನಾನು ಅವನ ಜೊತೆ ಬಂದಿದ್ದ ಅವನ ಹೆಂಡತಿಯನ್ನು ನೋಡಿದೆ. ಮಾತಾಡುವವಳ ಹಾಗೆ ಕಂಡಳು. ಅವರನ್ನು ಹಿಡಿದು ಕೂರಿಸಿ ಚಹಾ ಕುಡಿಸಿದೆ. ಮಣ್ಣಿನ ಮಾಳಿಗೆ ಸೋರುತ್ತದೆಂದು ನಾನೇ ಹೇಳಿದೆ, ಅದಕ್ಕೆ ಮಣ್ಣನ್ನೂ ನಾನೇ ಹಾಕಿಸಿ ಕೊಡುತ್ತೇನೆಂದೆ, "ದಯಮಾಡಿ ತುಗೋರಿ" ಎಂದೂ ಅಂದುಬಿಟ್ಟೆ.

ಆ ಮನುಷ್ಯ ಬಟ್ಟಲು ಕೆಳಗಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಅವನನ್ನು ದೂರುವಂತಿಲ್ಲ. ಅವನ ಜಾಗದಲ್ಲಿ ನಾನಿದ್ದರೆ ಆ ಮನೆ ಖಂಡಿತ ಕೊಳ್ಳುತ್ತಿರಲಿಲ್ಲ.