ಎರಡು ಗುಂಡಿಯ ಗಡಿಯಾರ

ನಮ್ಮ ಮಾವನ ಬಲಗೈ ಹೆಬ್ಬೆರಳು ಸುಮ್ಮನೆ ಕೂತಿದ್ದಾಗಲೂ ಬಾಗಿಕೊಂಡೇ ಇರುತ್ತಿತ್ತು, ಏನನ್ನೋ ಒತ್ತಲು ಕಾದಿರುವ ಹಾಗೆ. ಬೂದಿಕೋಟೆಯಿಂದ ಸೊಸೆಯಾಗಿ ಊರಿಗಾಂ ಲೈನಿಗೆ, ಚಿನ್ನದ ಗಣಿಯವರ ಸಾಲುಮನೆಗೆ, ಬಂದ ಹೊಸತರಲ್ಲಿ ಅದನ್ನು ನೋಡಿ ನನಗೆ ಒಳಗೊಳಗೇ ನಗು.

ಅವರ ಹುಚ್ಚು ಹಳೆಯ ಕೈಗಡಿಯಾರಗಳದು. ಎಲ್ಲ ಗಡಿಯಾರವೂ ಆಗದು. ಕೀ ಕೊಡುವ ತಿರುಪಿನ ಮೇಲೊಂದು ಕೆಳಗೊಂದು ಗುಂಡಿ ಇರಬೇಕು. ಮೇಲಿನದನ್ನು ಒತ್ತಿದರೆ ಉದ್ದನೆಯ ಮುಳ್ಳೊಂದು ಹೊರಡಬೇಕು, ಮತ್ತೆ ಒತ್ತಿದರೆ ನಿಲ್ಲಬೇಕು. ಕ್ರೋನೋಗ್ರಾಫ್ ಎಂದು ಅದರ ಹೆಸರು. ಗಣಿಯ ಬಿಳಿ ದೊರೆಗಳು ಊರು ಬಿಡುವಾಗ ಅಡುಗೆಯವರಿಗೂ ಗುಮಾಸ್ತರಿಗೂ ಕೊಟ್ಟುಹೋದವುಗಳನ್ನು ಮನೆಮನೆ ಸುತ್ತಿ ಸಂಪಾದಿಸಿದ್ದರು. ಬಂಗಾರಪೇಟೆ ಸ್ಟೇಷನ್ ರಸ್ತೆಯ ರಿಪೇರಿಯವನು ಇನ್ನೊಂದು ಸಿಕ್ಕಿದೆ ಎಂದು ಹೇಳಿಕಳಿಸಿದರೆ ಅನ್ನದ ತಟ್ಟೆ ಬಿಟ್ಟು ರೈಲು ಹತ್ತುತ್ತಿದ್ದರು. ತಂದದ್ದನ್ನು ಪಂಚೆಯ ಚೂರಿನಲ್ಲಿ ಸುತ್ತಿ ಬಿಸ್ಕತ್ತಿನ ಡಬ್ಬದಲ್ಲಿಡುತ್ತಿದ್ದರು. ಮಕ್ಕಳನ್ನೂ ಅಷ್ಟು ಬೆಚ್ಚಗೆ ಮಲಗಿಸಿದವರಲ್ಲ.

ಕಪ್ಪು ಮುಖದ್ದೊಂದು ಮಾತ್ರ ಡಬ್ಬಕ್ಕೆ ಹೋಗಲಿಲ್ಲ. ನನ್ನ ಗಂಡ ಪಾಳಿಗೆ ಹೊರಟು ಹೊಸಿಲು ದಾಟಿದೊಡನೆ ಮಾವ ಅದರ ಗುಂಡಿ ಒತ್ತುತ್ತಿದ್ದರು. ಮಗ ಗಣಿಯಿಂದ ಮೇಲೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವವರೆಗೂ ಮುಳ್ಳು ಓಡಬೇಕು. "ಬಂದ್ಯೇನ್ಲಾ" ಎಂದು ಮತ್ತೆ ಒತ್ತಿದ ಮೇಲೆಯೇ ಅವರಿಗೆ ಊಟ. ಕೆಲಸದಲ್ಲಿದ್ದಾಗ ಅವರು ಆಳುಗಳನ್ನು ಗಣಿಗಿಳಿಸುವ ಕೇಜಿಗೆ ಗಂಟೆ ಹೊಡೆಯುತ್ತಿದ್ದವರು. ಇಳಿದವರಲ್ಲಿ ಕೆಲವರು ಮತ್ತೆ ಹತ್ತಿ ಬರಲಿಲ್ಲ.

"ದಿನಾ ಇಂಗೆ ಓಡ್ಸಿದ್ರೆ ಸವ್ದೋಯ್ತದಂತೆ ಮಾವ. ರಿಪೇರಿಯೋನೇ ಬಯ್ತಾನೆ," ಎಂದೆ ಒಮ್ಮೆ.

"ಸವೀಲಿ ಬುಡಮ್ಮ. ನಡುವೆ ನಿಂತೋಗಬಾರ್ದು, ಅಷ್ಟೆ."

"ನಿಂತ್ರೆ?"

ಆಳದಲ್ಲೆಲ್ಲೋ ಬಂಡೆ ಸಿಡಿದು ಗೂಡಿನ ಲೋಟಗಳು ನಡುಗಿದವು. ನಮ್ಮ ಲೈನಿಗೆ ಅದು ಹೊಸದಲ್ಲ. ಮಾವ ಗಡಿಯಾರವನ್ನು ಕಿವಿಗೆ ಹಿಡಿದು ಕೂತರು. ಅಂದಿನಿಂದ ಆ ಹೆಬ್ಬೆರಳು ಕಂಡು ನನಗೆ ನಗು ಬರಲಿಲ್ಲ.

ಒಂದು ಮಧ್ಯಾಹ್ನ ಕಾಫಿ ತಂದಾಗ ಮಾವ ಕುರ್ಚಿಯಲ್ಲೇ ಹೋಗಿಬಿಟ್ಟಿದ್ದರು. ಅಂಗೈಯಲ್ಲಿ ಕಪ್ಪು ಗಡಿಯಾರ. ಬೆಳಗ್ಗೆ ಎದ್ದೊಡನೆ ಅದಕ್ಕೆ ಕೀ ಕೊಡುವುದು ವಾಡಿಕೆ. ಅಂದು ಎದೆ ಭಾರವೆಂದು ತಡವಾಗಿ ಎದ್ದವರು, ಮಗ ಹೊರಟಾಗ ಗುಂಡಿ ಒತ್ತಿದರೂ, ಕೀ ಮರೆತಿರಬೇಕು. ಉದ್ದ ಮುಳ್ಳು ತಡವರಿಸುತ್ತಿತ್ತು. ಅಷ್ಟರಲ್ಲಿ ನೆಲ ನಡುಗಿ ಗೂಡಿನಿಂದ ಲೋಟವೊಂದು ಉರುಳಿತು. ಗಂಡ ಇನ್ನೂ ಕೆಳಗೆ ಗಣಿಯಲ್ಲಿದ್ದರು.

ಅಕ್ಕಪಕ್ಕದವರನ್ನು ಕೂಗಬೇಕಿತ್ತು, ಮಾವನ ಕಣ್ಣು ಮುಚ್ಚಬೇಕಿತ್ತು. ನಾನು ಮೊದಲು ಅವರ ಬೆರಳು ಬಿಡಿಸಿ ಗಡಿಯಾರಕ್ಕೆ ಕೀ ಕೊಟ್ಟೆ. ಮುಳ್ಳು ಸರಿಯಾಗಿ ಓಡತೊಡಗಿದ ಮೇಲೆಯೇ ಅಳು ಬಂತು.

ಸಂಜೆ, ಸೇರಿದ್ದ ಜನದ ನಡುವೆ ದಾರಿ ಮಾಡಿಕೊಂಡು ಗಂಡ ಬಂದರು. ಚಪ್ಪಲಿ ಬಿಟ್ಟು ಹೊಸಿಲಲ್ಲೇ ನಿಂತರು, ಒಳಗಿನಿಂದ ಬರಬೇಕಾದ ಮಾತಿಗೆ ಕಾದು. "ಬಂದ್ರಾ" ಎಂದು ನಾನೇ ಗುಂಡಿ ಒತ್ತಿದೆ.

ತಿಥಿ ಮುಗಿಸಿ ಅವರು ಮತ್ತೆ ಪಾಳಿಗೆ ಹೊರಟ ದಿನ ಗಡಿಯಾರ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

"ನೀನೂ ಸುರು ಮಾಡ್ಕೊಂಡ್ಯಾ," ಎಂದರು.

ನನ್ನ ಹೆಬ್ಬೆರಳು ಗುಂಡಿಯ ಮೇಲೆ ಬಾಗಿತ್ತು. ಅವರ ಕಾಲು ಹೊಸಿಲು ದಾಟುವುದನ್ನೇ ನೋಡುತ್ತಿದ್ದೆ.