ತಿಗಣೆ ನನ್ನ ಕಂಬಳಿಯದಲ್ಲ

1983ರಲ್ಲಿ ನಾನು ಕೆ.ಜಿ.ಎಫ್.ನಲ್ಲಿ ಪಿಯುಸಿಗೆ ಸೇರಿ ಹುಡುಗಿಯರ ಹಾಸ್ಟೆಲಿನಲ್ಲಿದ್ದೆ. ಬಂಗಾರಪೇಟೆಯಾಚೆಯ ನಮ್ಮೂರಿಂದ ಕಾಲೇಜಿಗೆ ಬಂದ ಮೊದಲ ಹುಡುಗಿ ನಾನೇ. ಕುರಿ ಕಾಯುತ್ತಿದ್ದ ಅಪ್ಪ ನನ್ನನ್ನು ಹಾಸ್ಟೆಲಿಗೆ ಬಿಟ್ಟು ಹೋಗುವಾಗ, "ಏನಾದ್ರೂ ಮಾತು ಬಂದ್ರೆ ವಾಪಸ್ ಬಂದ್ಬಿಡಮ್ಮ, ಮಾವನ ಮಗ ಕಾಯ್ತಾ ಅವ್ನೆ" ಎಂದಿದ್ದರು. ವಾಪಸ್ ಹೋದರೆ ಮದುವೆಯೇ ಎಂದು ನನಗೆ ಗೊತ್ತಿತ್ತು.

ಹಾಸ್ಟೆಲಿನಲ್ಲಿ ತಿಗಣೆಗಳ ಕಾಟ. ಬೆಳಿಗ್ಗೆ ಎದ್ದರೆ ಎಲ್ಲರ ಮೈಮೇಲೂ ಕೆಂಪು ದದ್ದು. ಒಂದು ಭಾನುವಾರ ತಿಂಡಿಯ ಹೊತ್ತಿಗೆ ವಾರ್ಡನ್ ಎಲ್ಲರೆದುರು ನನ್ನನ್ನು ಎಬ್ಬಿಸಿ ನಿಲ್ಲಿಸಿದರು.

"ಹಳ್ಳಿಯಿಂದ ಕುರಿ ಕಂಬಳಿ ತಂದಿದ್ದೀಯಲ್ಲ, ತಿಗಣೆ ಬಂದಿದ್ದೇ ಅದರಿಂದ. ಅದನ್ನು ಸುಟ್ಟುಹಾಕು. ಇಲ್ಲದಿದ್ದರೆ ಊರಿಗೆ ಹೊರಡು."

ಕೆಲವರು ನಕ್ಕರು. ತಲೆ ತಗ್ಗಿಸಿ ಕೂತುಬಿಡಬೇಕು ಅನ್ನಿಸಿತು. ಅಷ್ಟರಲ್ಲಿ ನನ್ನತ್ತ ಚಾಚಿದ್ದ ಅವರ ಕೈ ಕಣ್ಣಿಗೆ ಬಿತ್ತು. ಮೊಣಕೈವರೆಗೂ ಅದೇ ದದ್ದುಗಳು.

"ಮೇಡಂ, ನಿಮ್ ಕೈಯಾಗೂ ಕಚ್ಚವೆ. ನಿಮ್ ರೂಮ್‌ಗೆ ನಾನೂ ಬಂದಿಲ್ಲ, ನನ್ ಕಂಬಳೀನೂ ಬಂದಿಲ್ಲ" ಎಂದೆ.

ವಾರ್ಡನ್ ಸೆರಗು ಎಳೆದು ಕೈ ಮುಚ್ಚಿಕೊಂಡರು. "ಬಾಯಿ ಜಾಸ್ತಿಯಾಯ್ತು ನಿನಗೆ" ಎಂದರು.

"ಕಂಬಳಿ ಸುಡಲ್ಲ ಮೇಡಂ. ಊರ್ಗೂ ಓಗಲ್ಲ. ಮಂಚ ಆಚೆಗೆ ಆಕ್ತೀನಿ, ತಿಗಣೆ ಎಲ್ಲವೆ ಅಂತ ನೀವೇ ನೋಡಿ."

ನನ್ನ ರೂಮಿನ ಸೆಲ್ವಿ ತಟ್ಟೆ ಬಿಟ್ಟು ಎದ್ದಳು. ಅವಳ ಅಪ್ಪ ಅದೇ ಊರಿನ ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯಲ್ಲಿ ಕೆಲಸಗಾರ. ತಾಯಿ ಇಲ್ಲವೆಂದು ಹಾಸ್ಟೆಲಿಗೆ ಸೇರಿಸಿದ್ದರು. "ವಾಡೀ, ಆ ಕಡೆ ಇಡ್ಕೋ" ಎಂದು ತಮಿಳು ಬೆರೆಸಿ ನನ್ನನ್ನು ಬಾರೇ ಎಂದು ಕರೆದಳು. ಇಬ್ಬರೂ ನಮ್ಮ ಮರದ ಮಂಚಗಳನ್ನು ಅಂಗಳಕ್ಕೆ ಎಳೆದು ತಂದೆವು. ಅಡುಗೆಮನೆಯಿಂದ ಕುದಿಯುವ ನೀರು ತಂದು ಸಂದುಗಳಿಗೆ ಹೊಯ್ದೆವು. ತಿಗಣೆಗಳು ರಾಶಿರಾಶಿಯಾಗಿ ಉದುರಿದವು. ನೋಡುತ್ತ ನಿಂತಿದ್ದ ಹುಡುಗಿಯರು ಒಬ್ಬೊಬ್ಬರಾಗಿ ಹೋಗಿ ತಮ್ಮ ಮಂಚಗಳನ್ನೂ ತಂದರು. ನಕ್ಕವರೂ ತಂದರು. ನಾನು ಒಂದು ಬಿಳಿ ಬಟ್ಟೆಯ ಮೇಲೆ ಕಂಬಳಿ ಹರವಿ, ಎಲ್ಲರೆದುರು ಕೋಲಿನಿಂದ ಬಡಿದೆ. ಧೂಳು ಬಿತ್ತು, ಒಂದೆರಡು ಹುಲ್ಲುಕಡ್ಡಿ ಬಿದ್ದವು. ತಿಗಣೆ ಬೀಳಲಿಲ್ಲ.

"ಮೇಡಂ, ನಿಮ್ ಮಂಚಾನೂ ತರ್ಲಾ?" ಎಂದು ಸೆಲ್ವಿ ಕೇಳಿದಳು.

ತಮ್ಮ ರೂಮಿನ ಬಾಗಿಲಲ್ಲಿ ನಿಂತಿದ್ದ ವಾರ್ಡನ್ ಪಕ್ಕಕ್ಕೆ ಸರಿದರು. ನಾವಿಬ್ಬರೂ ಅವರ ಮಂಚವನ್ನೂ ಎಳೆದು ತಂದೆವು. ಅದರ ಸಂದುಗಳಲ್ಲೂ ತಿಗಣೆ ತುಂಬಿದ್ದವು. "ಇನ್ನಷ್ಟು ನೀರು ಕಾಯಿಸಿ" ಎಂದಷ್ಟೇ ಹೇಳಿ ಒಳಗೆ ಹೋದರು. ತಪ್ಪಾಯಿತು ಅನ್ನಲಿಲ್ಲ.

ತಿಗಣೆಗಳು ಪೂರ್ತಿ ಹೋಗಲಿಲ್ಲ; ಆಗಾಗ ಮಂಚ ಹೊರಗೆ ಹಾಕುವುದು ತಪ್ಪಲಿಲ್ಲ. ಆದರೆ ನನ್ನನ್ನು ಊರಿಗೆ ಹೊರಡು ಎಂದು ಮತ್ತೆ ಯಾರೂ ಹೇಳಲಿಲ್ಲ. ಪಿಯುಸಿ ಮುಗಿಸಿದೆ, ಮುಂದಕ್ಕೂ ಓದಿದೆ.

ಹಳ್ಳಿಯವರೆಂದರೆ ಕೊಳಕು ಎನ್ನುವವರು ಆಮೇಲೂ ಸಿಕ್ಕಿದ್ದಾರೆ. ಅವರ ಮುಂದೆ ತಲೆ ತಗ್ಗಿಸಿ ಕೂತುಬಿಡಬೇಕು ಎಂದು ಈಗಲೂ ಅನ್ನಿಸುತ್ತದೆ. ಆದರೂ ಉತ್ತರ ಕೊಡದೆ ಒಂದು ಸಲವೂ ಎದ್ದು ಬಂದಿಲ್ಲ.