ಮಾತಾಡಿಸಲು ಬಂದವರು

ಅವ್ವ ರಂಗಂಪೇಟೆಯ ನಮ್ಮ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲಿನ ಎಲುಬು ಮುರಿದುಕೊಂಡಳು. ಯಾದಗಿರಿಯಲ್ಲಿ ಆಪರೇಷನ್ ಆಯಿತು. ಮರುದಿನವೇ ಡಾಕ್ಟರರು ಅವಳಿಗೆ ವಾಕರ್ ಹಿಡಿಸಿ ನಿಲ್ಲಿಸಿ, ನನ್ನ ಕಡೆ ತಿರುಗಿದರು.

"ನೋಡ್ರಿ ಅಕ್ಕಾರೆ, ನಮ್ಮ ಕೆಲಸ ಮುಗೀತು. ಇನ್ನ ದಿನಾ ನಡಿಸ್ರಿ. ಮಲಗಿಸಿಟ್ರ ಮುಂದ ಎಬ್ಬಸಾಕ ಆಗಂಗಿಲ್ಲ."

ಮನೆಗೆ ಬಂದು ಬಚ್ಚಲ ಕಲ್ಲನ್ನು ಉಳಿಯಿಂದ ಒರಟು ಮಾಡಿಸಿದೆ, ಗೋಡೆಗೆ ಹಿಡಿಕೆ ಹಾಕಿಸಿದೆ, ಎಲುಬು ಗಟ್ಟಿಯಾಗುವ ಗುಳಿಗೆ ತಂದಿಟ್ಟೆ. ಎಲ್ಲಕ್ಕೂ ತಯಾರಾಗಿದ್ದೆ, ನೆಂಟರಿಗೆ ಮಾತ್ರ ಆಗಿರಲಿಲ್ಲ.

ನಮ್ಮ ಕಡೆ ಯಾರಾದರೂ ಹಾಸಿಗೆ ಹಿಡಿದರೆ ಹೋಗಿ ಮಾತಾಡಿಸಿಕೊಂಡು ಬರಬೇಕು. ಹೋಗದವರ ಹೆಸರು ಮೊಮ್ಮಕ್ಕಳವರೆಗೂ ನೆನಪಿರುತ್ತದೆ. ಹಾಗಾಗಿ ಶಹಾಪುರ, ಕೊಡೇಕಲ್, ನಾರಾಯಣಪುರಗಳಿಂದ ಬಾಳೆಹಣ್ಣು, ಬಿಸ್ಕಿಟ್ ಹಿಡಿದು ಜನ ಬರತೊಡಗಿದರು. ಬಂದವರೆಲ್ಲ ಅವ್ವನ ಭುಜ ಒತ್ತಿ, "ಏಳಬ್ಯಾಡ, ಮಲಕ್ಕೋ" ಎನ್ನುವವರೇ. ಅವ್ವನೂ ಕಡಿಮೆಯವಳಲ್ಲ. ಪಡಸಾಲೆಯಲ್ಲಿ ವಾಕರ್ ಹಿಡಿದು ಠೀವಿಯಿಂದ ಅಡ್ಡಾಡುತ್ತಿದ್ದವಳು, ಗೇಟಿನ ಸಪ್ಪಳ ಕೇಳಿದ್ದೇ ಮಂಚ ಸೇರಿ, ಚಾದರ ಎಳೆದುಕೊಂಡು, ಹದವಾಗಿ ನರಳುತ್ತಿದ್ದಳು.

"ಯಾಕವ್ವಾ ಈ ನಾಟಕ?" ಎಂದೆ.

"ಪಾಪ, ಬಸ್ಸಿನ್ಯಾಗ ನಿಂತು ಬಂದಿರ್ತಾರ. ನಾ ಅಡ್ಡಾಡಾಕತ್ತಿದ್ರ ಅವರಿಗೆ ಹೆಂಗ ಅನಸ್ತದ?"

ಮೊದಮೊದಲು ನಗು ಬಂತು. ಬರುವವರು ಹೆಚ್ಚಾದಂತೆ ಅಡ್ಡಾಟ ನಿಂತೇ ಹೋಯಿತು. ತೋರಿಸಲು ಹೋದಾಗ ಡಾಕ್ಟರರು ಅವಳ ತೊಡೆ ಹಿಡಿದು ನೋಡಿ, "ಕಾಲಾಗಿನ ಶಕ್ತಿ ಹೊಂಟದ. ಹಿಂಗಾದ್ರ ಇವರು ಏಳಂಗಿಲ್ಲ" ಎಂದರು. ನನಗೆ ಹೆದರಿಕೆಯಾಯಿತು. ಹೆದರಿದಾಗ ನನಗೆ ಸಿಟ್ಟು ಬರುತ್ತದೆ. ದಾರಿಯುದ್ದಕ್ಕೂ ಒಬ್ಬೊಬ್ಬ ನೆಂಟರನ್ನೂ ಮನಸ್ಸಿನಲ್ಲೇ ಬೈದೆ.

ಬಂದವರನ್ನು ಓಣಿಯವರೆಗಾದರೂ ಹೋಗಿ ಕಳಿಸಿ ಬರುವುದೂ ನಮ್ಮಲ್ಲಿ ರೂಢಿ. ಅದು ನನ್ನ ಪಾಲಿನ ಕೆಲಸವಾಗಿತ್ತು. ಮರುದಿನ ಶಹಾಪುರದಿಂದ ಅವ್ವನ ತಂಗಿ, ನನ್ನ ಚಿಗವ್ವ, ಬಂದು ಹೊರಟಾಗ ನಾನು ರೊಟ್ಟಿ ಬಡಿಯಲು ಕೂತೆ.

"ಆಕೀನ್ನ ಕಳಿಸಿ ಬಾ," ಅವ್ವ ಕೂಗಿದಳು.

"ಹೆಂಚಿನ ಮ್ಯಾಲ ರೊಟ್ಟಿ ಅದ."

ಮತ್ತೆ ಕೂಗಿದಳು. ನಾನು ಇನ್ನೂ ಜೋರಾಗಿ ಬಡಿದೆ. ಚಿಗವ್ವ ಒಬ್ಬಳೇ ಚಪ್ಪಲಿ ಮೆಟ್ಟುವುದನ್ನು ಅವ್ವನಿಂದ ನೋಡಲಾಗಲಿಲ್ಲ. "ಮರ್ಯಾದಿ ಇಲ್ಲದಕಿ" ಎಂದು ನನ್ನನ್ನು ಬೈಯುತ್ತ, ವಾಕರ್ ಎಳೆದುಕೊಂಡು ಹೊಸ್ತಿಲವರೆಗೆ ನಡೆದಳು. ನಾನು ಒಲೆ ಬಿಟ್ಟೆದ್ದು, ಬಿದ್ದರೆ ಹಿಡಿಯಲೆಂದು ಅವಳ ಬೆನ್ನ ಹಿಂದೆಯೇ ಕೈಚಾಚಿ ನಿಂತಿದ್ದೆ. ರೊಟ್ಟಿ ಹೊತ್ತಿ ಕರಕಲಾಯಿತು.

ಅಂದಿನಿಂದ ಯಾರೇ ಹೊರಟರೂ ನನಗೆ ಒಲೆಯ ಮುಂದೆ ಎಲ್ಲಿಲ್ಲದ ಕೆಲಸ. ಅವ್ವ ಗೇಟಿನವರೆಗೆ ಹೋದಳು, ಆಮೇಲೆ ಓಣಿಯ ತುದಿಗೆ. ಮತ್ತೊಮ್ಮೆ ಚಿಗವ್ವ ಬಂದಾಗ, ಬೇಡವೆಂದರೂ ಕೇಳದೆ ಬಸ್ ನಿಲ್ಲುವಲ್ಲಿಗೇ ಹೊರಟಳು. ನಾನು ಪ್ಲಾಸ್ಟಿಕ್ ಕುರ್ಚಿ ಹೊತ್ತು ಹಿಂದೆ ಹೋದೆ.

ಬಸ್ ಹೋದ ಮೇಲೂ ಅವ್ವ ಆ ಕಡೆಯೇ ನೋಡುತ್ತ ನಿಂತಿದ್ದಳು.

"ನಮ್ಮವ್ವನೂ ಹಿಂಗ ಬಿದ್ದಿದ್ಲು," ಎಂದಳು. "ನಾನೂ ನಿಮ್ಮ ಚಿಗವ್ವನೂ ಆಕೀನ್ನ ಒಂದ ದಿನಾನೂ ಏಳಗೊಡಲಿಲ್ಲ. ಭಾಳ ಪ್ರೀತಿಲೆ ಮಲಗಿಸಿಟ್ವಿ."

ನಾನು ಕುರ್ಚಿ ಹಾಕಿದೆ. ಅವ್ವ ಕೂಡಲಿಲ್ಲ.